ವಿಂಗಡಿಸಿದ ಮೇಲೂ ಸಾಮಾನು ಮನೆಯಲ್ಲೇ ಉಳಿಯುತ್ತದಲ್ಲ, ಹೊರಗೆ ಕಳಿಸುವ ಕ್ರಮ ಹೇಗೆ?

ಮೂಲೆಮನೆ

ಬೇಕು, ಬೇಡ, ಕೊಡೋದು ಅಂತ ಮೂರು ರಾಶಿ ಮಾಡುವುದು ಎಲ್ಲರಿಗೂ ಗೊತ್ತು. ತೊಂದರೆ ಶುರುವಾಗುವುದು ಆಮೇಲೆ. ಕೊಡುವ ಚೀಲ ಬಾಗಿಲ ಪಕ್ಕ ತಿಂಗಳುಗಟ್ಟಲೆ ಕೂರುತ್ತದೆ, ಅದರಿಂದ ಒಂದೊಂದೇ ವಸ್ತು ಮತ್ತೆ ಕಪಾಟು ಸೇರುತ್ತದೆ. ಹಳೇ ಫೋನು, ವೈರುಗಳ ಗಂಟು, ಅವಧಿ ಮುಗಿದ ಮಾತ್ರೆ, ಅರ್ಧ ಉಳಿದ ಪೇಂಟ್ ಡಬ್ಬಿ ಇವನ್ನು ಕಸಕ್ಕೆ ಹಾಕಬಾರದು ಅಂತ ತಿಳಿದಿದೆ, ಏನು ಮಾಡಬೇಕು ಅಂತ ತಿಳಿಯದೆ ಅಟ್ಟಕ್ಕೆ ಹೋಗುತ್ತವೆ. ಎಲ್ಲಿಂದ ಶುರು ಮಾಡಬೇಕು, ಯಾವುದನ್ನು ಹೇಗೆ ಕಳಿಸಬೇಕು? ಮನಸ್ಸು ಹಗುರಾಗುತ್ತದೆ ಅನ್ನುವಂಥ ಉತ್ತರ ಬೇಡ, ಮಾಡುವ ಕ್ರಮ ಹೇಳಿ.

ಅಟ್ಟದಬೆಕ್ಕು

ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ವಿಂಗಡಿಸುವುದು ಕೆಲಸದ ಅರ್ಧ ಮಾತ್ರ. ವಸ್ತು ಹೊಸ್ತಿಲು ದಾಟುವ ದಾರಿ ಮೊದಲೇ ಗೊತ್ತಾಗಿರದಿದ್ದರೆ ರಾಶಿ ಮಾಡಿ ಪ್ರಯೋಜನವಿಲ್ಲ. ಆದ್ದರಿಂದ ಕಪಾಟು ತೆಗೆಯುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಬಟ್ಟೆ, ಪುಸ್ತಕ, ರದ್ದಿ ಕಾಗದ, ಲೋಹ, ಎಲೆಕ್ಟ್ರಾನಿಕ್ಸ್, ಔಷಧ, ರಾಸಾಯನಿಕ, ಮರದ ಸಾಮಾನು ಅಂತ ಸಾಲಾಗಿ ಬರೆದು ಪ್ರತಿಯೊಂದರ ಮುಂದೆ ಮೂರು ವಿಷಯ ಬರೆಯಿರಿ: ಯಾರು ತೆಗೆದುಕೊಳ್ಳುತ್ತಾರೆ, ಯಾವ ದಿನ, ಯಾವ ಸ್ಥಿತಿಯಲ್ಲಿದ್ದರೆ ತೆಗೆದುಕೊಳ್ಳುತ್ತಾರೆ. ಫೋನ್ ಮಾಡಿ ಕೇಳಿಯೇ ಬರೆಯಬೇಕು, ಊಹೆಯ ಮೇಲೆ ಬರೆದರೆ ಆಗದು. ಯಾವ ಸಾಲಿನ ಮುಂದೆ ಹೆಸರಿಲ್ಲವೋ ಆ ಜಾತಿಯ ಸಾಮಾನನ್ನು ಆ ವಾರ ಮುಟ್ಟಬೇಡಿ.

ಶುರು ಮಾಡುವ ಜಾಗ ಅಟ್ಟವಂತೂ ಅಲ್ಲ. ದಿನಾ ಕೈ ಹಾಕುವ ಒಂದು ಡ್ರಾಯರ್ ಅಥವಾ ಒಂದು ಶೆಲ್ಫ್ ಸಾಕು. ಇಡೀ ಕೋಣೆಯ ಸಾಮಾನನ್ನು ಮಂಚದ ಮೇಲೆ ಸುರಿದುಕೊಂಡವರು ರಾತ್ರಿ ಮಲಗುವ ಹೊತ್ತಿಗೆ ಎಲ್ಲವನ್ನೂ ಬಾಚಿ ಸಿಕ್ಕ ಡಬ್ಬಕ್ಕೆ ತುಂಬುತ್ತಾರೆ, ಮೊದಲಿಗಿಂತ ಹೆಚ್ಚು ಕಲಸುಮೇಲೋಗರ. ಒಂದು ಗಂಟೆ ಇದ್ದರೆ 40 ನಿಮಿಷ ವಿಂಗಡಣೆ, ಉಳಿದ 20 ನಿಮಿಷ ಕಸ ಹೊರಗೆ ಹಾಕುವುದಕ್ಕೆ, ಕೊಡುವುದನ್ನು ಕಟ್ಟಿ ಗಾಡಿಯಲ್ಲಿ ಇಡುವುದಕ್ಕೆ. ಈ 20 ನಿಮಿಷ ತಪ್ಪಿದರೆ ಆ ದಿನದ ಕೆಲಸ ಲೆಕ್ಕಕ್ಕಿಲ್ಲ.

ಸರದಿ ಹೀಗಿರಲಿ: ಮೊದಲು ಶುದ್ಧ ಕಸ, ಆಮೇಲೆ ಒಡೆದದ್ದು ಮತ್ತು ಅವಧಿ ಮುಗಿದದ್ದು, ನಂತರ ಒಂದಕ್ಕಿಂತ ಹೆಚ್ಚಿರುವುದು (ನಾಲ್ಕು ಕತ್ತರಿ, ಆರು ಛತ್ರಿ), ಬಟ್ಟೆ, ಪಾತ್ರೆ, ಪುಸ್ತಕ, ಕಾಗದಪತ್ರ. ಫೋಟೋ, ಪತ್ರ, ನೆನಪಿನ ವಸ್ತು ಕಟ್ಟಕಡೆಗೆ. ಮೊದಲೇ ಆಲ್ಬಂ ಬಿಚ್ಚಿದರೆ ಆ ದಿನ ಅಲ್ಲಿಗೇ ಮುಗಿಯಿತು.

ಕೆಲವು ಅಳತೆಗಳು. ಕೊಡುವ ಚೀಲ ಒಳಗಿನದು ಕಾಣದಂಥದ್ದಾಗಿರಲಿ. ಪಾರದರ್ಶಕ ಚೀಲದಿಂದ ವಸ್ತು ವಾಪಸ್ ಬರುವುದು ಜಾಸ್ತಿ. 30 ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ರಟ್ಟಿನ ಡಬ್ಬಕ್ಕೆ ಬಿಗಿಯಾಗಿ ಪುಸ್ತಕ ತುಂಬಿದರೆ ತೂಕ 15 ಕಿಲೋ ದಾಟುತ್ತದೆ. ಅದಕ್ಕಿಂತ ದೊಡ್ಡ ಡಬ್ಬಕ್ಕೆ ಪುಸ್ತಕ ಹಾಕಿದರೆ ತಳ ಬಿಚ್ಚಿಕೊಳ್ಳುತ್ತದೆ, ಇಲ್ಲವೇ ಸೊಂಟ ಹಿಡಿದುಕೊಳ್ಳುತ್ತದೆ. 'ಗೊತ್ತಾಗ್ತಿಲ್ಲ' ಅನ್ನುವ ಸಾಮಾನಿಗೆ ಒಂದೇ ಒಂದು ಡಬ್ಬ, ಟೇಪ್ ಹಾಕಿ ಮುಚ್ಚಿ, ಮೇಲೆ ಆರು ತಿಂಗಳ ಮುಂದಿನ ದಿನಾಂಕ. ಅಷ್ಟರೊಳಗೆ ಯಾವುದಕ್ಕೂ ತೆರೆಯಬೇಕಾಗಲಿಲ್ಲ ಅಂದರೆ ತೆರೆಯದೆಯೇ ಕೊಡಿ. ಕಾಗದಪತ್ರ ಮತ್ತು ಬೀಗದ ಕೈಗಳನ್ನು ಮಾತ್ರ ಆ ಡಬ್ಬಕ್ಕೆ ಹಾಕಬೇಡಿ.

ಇನ್ನೊಂದು: ಪ್ಲಾಸ್ಟಿಕ್ ಡಬ್ಬ, ಬುಟ್ಟಿ, ಆರ್ಗನೈಸರ್ ಇವನ್ನು ಮುಂಚೆಯೇ ತರಬೇಡಿ. ಅವು ಬೇಡದ್ದಕ್ಕೆ ಸುಂದರವಾದ ಮನೆ ಕಟ್ಟಿಕೊಡುತ್ತವೆ, ಅಷ್ಟೆ.

ಸೂಜಿದಾರ

ಬಟ್ಟೆಯ ಬಗ್ಗೆ ಸೇರಿಸುತ್ತೇನೆ. ಒಗೆದು ಪೂರ್ತಿ ಒಣಗಿಸದೆ ಚೀಲಕ್ಕೆ ತುಂಬಬೇಡಿ. ಒಂದು ಒದ್ದೆ ಟವೆಲ್ ಇದ್ದರೆ 24ರಿಂದ 48 ಗಂಟೆಯೊಳಗೆ ಬೂಷ್ಟು ಹಿಡಿಯಲು ಶುರುವಾಗುತ್ತದೆ, ಆಮೇಲೆ ತೆಗೆದುಕೊಳ್ಳುವವರು ಇಡೀ ಚೀಲವನ್ನೇ ಕಸಕ್ಕೆ ಹಾಕುತ್ತಾರೆ. ಪ್ರತಿ ಬಟ್ಟೆಯನ್ನೂ ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು ನೋಡಿ, ಸಣ್ಣ ತೂತು ಹಾಗೆ ಮಾತ್ರ ಕಾಣುವುದು. ಕಾಲರ್, ಕಂಕುಳು, ಪ್ಯಾಂಟಿನ ತೊಡೆಸಂದು ಈ ಮೂರು ಜಾಗ ಸವೆದಿದ್ದರೆ ಕೊಡುವ ಯೋಗ್ಯತೆ ಇಲ್ಲ. ಜೇಬು ತಡಕಿ. ಜೋಡಿ ಚಪ್ಪಲಿ, ಶೂಗಳನ್ನು ದಾರದಲ್ಲಿ ಕಟ್ಟಿ. ಒಂಟಿ ಶೂ ಯಾರಿಗೂ ಬೇಡ.

'ಹೊಸದು, ಒಮ್ಮೆಯೂ ಹಾಕಿಲ್ಲ' ಅಂತ ವರ್ಷಗಟ್ಟಲೆ ಡಬ್ಬದಲ್ಲಿಟ್ಟ ಶೂಗಳ ಅಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಪಾಲಿಯುರೆಥೇನ್ ಅಟ್ಟೆಯಾದರೆ ಗಾಳಿಯ ತೇವವೇ ಅದರ ಅಣುಗಳ ಕೊಂಡಿ ಕಡಿಯುತ್ತದೆ, ಹಾಕದಿದ್ದರೂ ಕೆಲವು ವರ್ಷಕ್ಕೆ ಪುಡಿಯಾಗುತ್ತದೆ. ಕೃತಕ ಚರ್ಮದ ಜಾಕೆಟ್, ಬ್ಯಾಗು ಸಿಪ್ಪೆ ಏಳುವುದಕ್ಕೂ ಇದೇ ಕಾರಣ. ಎಲಾಸ್ಟಿಕ್ ಕೂಡ ಹಾಗೇ, ಎಳೆದರೆ ಚರಚರ ಸದ್ದು ಬಂದರೆ ಮುಗಿಯಿತು. 'ಮುಂದೆ ಬೇಕಾಗಬಹುದು' ಅಂತ ಇಡುವವರು ಮರೆಯುವುದು ಇದನ್ನೇ: ಎತ್ತಿಟ್ಟ ವಸ್ತುವಿಗೂ ವಯಸ್ಸಾಗುತ್ತದೆ.

ಹರಿದ ಬಟ್ಟೆ ಒರೆಸಲು ಆಗುತ್ತದೆ ಅಂತ ಇಡುವುದಾದರೆ ಹತ್ತಿಯದು ಮಾತ್ರ. ಪಾಲಿಯೆಸ್ಟರ್ ನೀರು ಹೀರುವುದಿಲ್ಲ, ನೆಲದ ಮೇಲೆ ನೀರನ್ನು ಅತ್ತಿತ್ತ ತಳ್ಳುತ್ತದೆ. ಗುಂಡಿ, ಜಿಪ್ ಕತ್ತರಿಸಿ 40 ಸೆಂಟಿಮೀಟರ್ ಚೌಕಗಳಾಗಿ ಮಾಡಿ. ಒಂದು ಮನೆಗೆ ಒಂದು ಡಜನ್ ಧಾರಾಳ.

ಬೀದಿದೀಪ

ಹ್ಯಾಂಗರನ್ನು ಉಲ್ಟಾ ಸಿಕ್ಕಿಸಿ ವರ್ಷ ಕಳೆದ ಮೇಲೆ ಉಲ್ಟಾ ಉಳಿದದ್ದನ್ನು ಕೊಡುವ ಉಪಾಯ ಕೆಲಸ ಮಾಡುತ್ತದೆಯೇ?

ಸೂಜಿದಾರ

ದಿನಬಳಕೆಯ ಬಟ್ಟೆಗೆ ಮಾಡುತ್ತದೆ. ಸಮಾರಂಭದ ಬಟ್ಟೆ, ಚಳಿಯ ಉಡುಪು, ಮಳೆಕೋಟು ಇವಕ್ಕೆ ಈ ಲೆಕ್ಕ ಹಾಕಬೇಡಿ. ಮಡಚಿ ಇಡುವ ಬಟ್ಟೆಗೆ ಇನ್ನೂ ಸುಲಭ: ಒಗೆದು ಬಂದದ್ದನ್ನು ಯಾವಾಗಲೂ ಎಡತುದಿಗೆ ಇಡಿ, ಮೂರು ತಿಂಗಳಲ್ಲಿ ಬಲತುದಿಯಲ್ಲಿ ಉಳಿದದ್ದೇ ನಿಮ್ಮ ಪಟ್ಟಿ.

ಓಲೆಗರಿ

ಕಾಗದಪತ್ರದಲ್ಲಿ ಆತುರ ಬೇಡ. ಜನನ, ವಿವಾಹ, ಮರಣ ಪ್ರಮಾಣಪತ್ರ, ಆಸ್ತಿಪತ್ರ, ಉಯಿಲು, ಅಂಕಪಟ್ಟಿಗಳ ಮೂಲಪ್ರತಿ ಎಂದೂ ಬಿಸಾಡುವಂತಿಲ್ಲ. ತೆರಿಗೆ, ಸಾಲ, ವಿಮೆಯ ಕಾಗದಕ್ಕೆ ಕಾನೂನು ಹೇಳಿದ ಅವಧಿ ಇರುತ್ತದೆ, ನಿಮಗೆ ಅನ್ವಯವಾಗುವುದನ್ನು ಕೇಳಿಕೊಂಡು ಆ ಕವರಿನ ಮೇಲೆಯೇ 'ಇಂಥ ವರ್ಷದವರೆಗೆ' ಅಂತ ಬರೆದುಬಿಡಿ. ಸಾಲ ತೀರಿದ ಪತ್ರವನ್ನು ಸಾಲದ ಜೊತೆಗೇ ಬಿಸಾಡುವವರು ಬಹಳ, ಅದು ಆಸ್ತಿಪತ್ರದ ಜೊತೆ ಇರಬೇಕಾದ್ದು. ಉಳಿದ ಬಿಲ್, ಹಳೇ ಆಹ್ವಾನಪತ್ರ, ಕೈಪಿಡಿಗಳು ರದ್ದಿಗೆ. ಕೈಪಿಡಿಗಳು ಬಹುತೇಕ ತಯಾರಕರ ಜಾಲತಾಣದಲ್ಲೇ ಸಿಗುತ್ತವೆ.

ನುಣುಪಾದ ಥರ್ಮಲ್ ರಸೀದಿಗಳಲ್ಲಿ ಶಾಯಿಯೇ ಇರುವುದಿಲ್ಲ, ಶಾಖಕ್ಕೆ ಬಣ್ಣ ತಿರುಗುವ ಲೇಪನ ಅಷ್ಟೆ. ಬಿಸಿಲು, ಬಿಸಿ ತಾಗಿದರೆ ಅಕ್ಷರ ಹೋಗುತ್ತದೆ. ಜೋಪಾನವಾಗಿರಲಿ ಅಂತ ಪಿವಿಸಿ ಕವರಿಗೆ ಹಾಕಿದರೂ ಆ ಪ್ಲಾಸ್ಟಿಕ್ಕಿನ ಮೆದುಕಾರಕ ತಾಗಿ ಮಾಸುತ್ತದೆ. ವಾರಂಟಿಯ ರಸೀದಿಯನ್ನು ತಂದ ದಿನವೇ ಸ್ಕ್ಯಾನ್ ಮಾಡಿ. ಇವನ್ನು ರದ್ದಿ ಕಾಗದದ ಜೊತೆ ಸೇರಿಸಬೇಡಿ, ಲೇಪನದ ರಾಸಾಯನಿಕ ಮರುಬಳಕೆಯ ಕಾಗದಕ್ಕೆ ಸೇರುತ್ತದೆ.

ಸ್ಕ್ಯಾನ್ 300 ಡಿಪಿಐ (ಇಂಚಿಗೆ 300 ಚುಕ್ಕೆ), ಪಿಡಿಎಫ್. ಕಡತದ ಹೆಸರು 2024-03-15 ಹೀಗೆ ವರ್ಷದಿಂದ ಶುರುವಾಗಲಿ, ತಾನಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತದೆ. ಮೂರು ಪ್ರತಿ, ಎರಡು ಬೇರೆ ಮಾಧ್ಯಮ, ಒಂದು ಮನೆಯ ಹೊರಗೆ. ಇಷ್ಟಾದ ಮೇಲೂ ಸಿಕ್ಕಿದ್ದೆಲ್ಲ ಸ್ಕ್ಯಾನ್ ಮಾಡಬೇಡಿ, ಅಟ್ಟದ ಕಸ ಡಿಸ್ಕಿಗೆ ಹೋಗುತ್ತದೆ ಅಷ್ಟೆ.

ಹೆಸರು, ಖಾತೆ ಸಂಖ್ಯೆ ಇರುವ ಕಾಗದಕ್ಕೆ ಶ್ರೆಡರ್. ಉದ್ದುದ್ದ ಪಟ್ಟಿಯಾಗಿ ಕತ್ತರಿಸುವ ಯಂತ್ರ ತೆಗೆದುಕೊಳ್ಳಬೇಡಿ, ಪಟ್ಟಿಗಳನ್ನು ಮತ್ತೆ ಜೋಡಿಸಬಹುದು. ಜರ್ಮನಿಯ ಡಿಐಎನ್ 66399 ಮಾನಕದ ಪಿ-4 ಮಟ್ಟದ್ದು ನೋಡಿ, ಅದರಲ್ಲಿ ತುಣುಕಿನ ವಿಸ್ತೀರ್ಣ 160 ಚದರ ಮಿಲಿಮೀಟರ್ ಮೀರುವುದಿಲ್ಲ. ಯಂತ್ರವಿಲ್ಲದಿದ್ದರೆ ಕಾಗದವನ್ನು ಹರಿದು ಬಕೆಟ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ ಕೈಯಿಂದ ಕಿವುಚಿ ಮುದ್ದೆ ಮಾಡಿ. ಮಿರುಗುವ ಲೇಪನದ ಕಾಗದ ಇದಕ್ಕೆ ಬಗ್ಗದು.

ಕಿಟಕಿಪಕ್ಕ

ಹಳೇ ಫೋನು, ಲ್ಯಾಪ್‌ಟಾಪ್ ಕೊಡಲು ಎಲ್ಲರಿಗೂ ಭಯ, ಒಳಗಿನ ಮಾಹಿತಿ ಏನಾಗುತ್ತದೋ ಅಂತ. ಸುತ್ತಿಗೆಯಿಂದ ಒಡೆದರೆ ಸಾಕೇ?

ತಂತಿಕಂಬ

ದಯವಿಟ್ಟು ಒಡೆಯಬೇಡಿ. ಲಿಥಿಯಂ ಬ್ಯಾಟರಿಗೆ ಏಟು ಬಿದ್ದು ಒಳಪದರ ಹರಿದರೆ ಅಲ್ಲೇ ಬೆಂಕಿ.

ಚಾಲೂ ಇರುವ ಫೋನಿಗೆ: ಚಾರ್ಜ್ ಮಾಡಿ, ಬ್ಯಾಕಪ್ ತೆಗೆದು, ಬ್ಯಾಕಪ್ ಬೇರೆ ಸಾಧನದಲ್ಲಿ ತೆರೆಯುತ್ತದೆಯೇ ಅಂತ ನೋಡಿ. ಒಟಿಪಿ ಹುಟ್ಟಿಸುವ ಆಥೆಂಟಿಕೇಟರ್ ಆ್ಯಪ್ ಇದ್ದರೆ ಅದನ್ನು ಹೊಸ ಫೋನಿಗೆ ಮೊದಲು ಸಾಗಿಸಿ. ಇದನ್ನು ಮರೆತು ಅಳಿಸಿದರೆ ನಿಮ್ಮ ಖಾತೆಗೆ ನೀವೇ ಹೊರಗಿನವರು. ಆಮೇಲೆ ಗೂಗಲ್ ಅಥವಾ ಆಪಲ್ ಖಾತೆಯಿಂದ ಸೈನ್ ಔಟ್ ಆಗಿ, ಇಲ್ಲದಿದ್ದರೆ ಪಡೆದವರಿಗೆ ಫೋನು ಬೀಗ ಹಾಕಿಕೊಳ್ಳುತ್ತದೆ. ಸಿಮ್, ಮೆಮೊರಿ ಕಾರ್ಡ್ ತೆಗೆಯಿರಿ. ಕಡೆಗೆ ಫ್ಯಾಕ್ಟರಿ ರೀಸೆಟ್. ಈಚಿನ ಫೋನುಗಳಲ್ಲಿ ಮಾಹಿತಿ ಗೂಢಲಿಪಿಯಲ್ಲೇ ಇರುತ್ತದೆ, ರೀಸೆಟ್ ಅದರ ಕೀಲಿಯನ್ನು ಅಳಿಸುತ್ತದೆ. ತುಂಬಾ ಹಳೇ ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಎನ್‌ಕ್ರಿಪ್ಶನ್ ಆನ್ ಮಾಡಿ ಆಮೇಲೆ ರೀಸೆಟ್ ಕೊಡಿ.

ತಿರುಗುವ ಹಾರ್ಡ್ ಡಿಸ್ಕಿಗೆ ಹಳೆಯದರ ಮೇಲೆ ಒಂದು ಸಲ ಪೂರ್ತಿ ಸೊನ್ನೆ ಬರೆದರೆ ಸಾಕು. 1996ರ ಗಟ್‌ಮನ್ ಪ್ರಬಂಧದಲ್ಲಿ 35 ಸುತ್ತು ಬರೆಯಬೇಕು ಅಂತಿರುವುದು ಆ ಕಾಲದ ಡಿಸ್ಕುಗಳಿಗೆ ಹೇಳಿದ್ದು, ಈಗ ಕಾಲಹರಣ. ಬರೀ 'ಕ್ವಿಕ್ ಫಾರ್ಮ್ಯಾಟ್' ಮಾತ್ರ ಅಳಿಸಿದಂತೆ ಅಲ್ಲ, ಅದು ಪುಸ್ತಕದ ಪರಿವಿಡಿ ಹರಿದ ಹಾಗೆ. ಎಸ್ಎಸ್‌ಡಿಯಲ್ಲಿ (ತಿರುಗುವ ತಟ್ಟೆಯಿಲ್ಲದ, ಚಿಪ್ಪಿನಲ್ಲಿ ಬರೆಯುವ ಡಿಸ್ಕ್) ಬೇರೆ ಕತೆ: ಸವೆತ ಹಂಚಲು ಅದು ಬರಹದ ಜಾಗವನ್ನು ತಾನೇ ಬದಲಿಸುತ್ತಿರುತ್ತದೆ, ಹಾಗಾಗಿ ಮೇಲೆ ಬರೆದರೂ ಹಳೆಯದು ಉಳಿಯಬಹುದು. ತಯಾರಕರ ತಂತ್ರಾಂಶದಲ್ಲಿರುವ ಸೆಕ್ಯೂರ್ ಇರೇಸ್ ಆಜ್ಞೆ ಬಳಸಿ.

ಉಬ್ಬಿದ ಬ್ಯಾಟರಿಯನ್ನು ಚಾರ್ಜ್ ಮಾಡಬೇಡಿ, ಚುಚ್ಚಬೇಡಿ, ಒತ್ತಿ ಮುಚ್ಚಳ ಹಾಕಬೇಡಿ. ಒಣ ಮರಳು ತುಂಬಿದ ಲೋಹದ ಡಬ್ಬದಲ್ಲಿ, ಕಾಗದ ಬಟ್ಟೆಗಳಿಂದ ದೂರ ಇಟ್ಟು, ಮೊದಲು ಇದನ್ನೇ ಇ-ತ್ಯಾಜ್ಯದವರಿಗೆ ತಲುಪಿಸಿ. ಎಲ್ಲ ಲಿಥಿಯಂ ಬ್ಯಾಟರಿಗಳ, 9 ವೋಲ್ಟ್ ಬ್ಯಾಟರಿಗಳ ತುದಿಗೆ ಟೇಪ್ ಅಂಟಿಸಿ. 9 ವೋಲ್ಟಿನದಕ್ಕೆ ಎರಡೂ ತುದಿ ಒಂದೇ ಕಡೆ ಇರುವುದರಿಂದ ಡ್ರಾಯರಿನ ಒಂದು ಕ್ಲಿಪ್ ತಾಗಿದರೂ ಕಾಯುತ್ತದೆ. ಗುಂಡಿ ಬ್ಯಾಟರಿ ಎರಡೂ ಕಡೆ ಟೇಪ್ ಸುತ್ತಿ, ಮಗುವಿನ ಕೈಗೆ ಸಿಗದಂತೆ. ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಲ್ಲದು.

ವೈರುಗಳ ಗಂಟಿಗೆ: ಎಲ್ಲವನ್ನೂ ನೆಲದ ಮೇಲೆ ಹರಡಿ, ಮನೆಯಲ್ಲಿರುವ ಸಾಧನಗಳಿಗೆ ಒಂದೊಂದಾಗಿ ಹಚ್ಚಿ, ಕಾಗದದ ಟೇಪಿನ ಮೇಲೆ ಸಾಧನದ ಹೆಸರು ಬರೆದು ವೈರಿಗೆ ಸುತ್ತಿ. ಪ್ರತಿ ಬಗೆಯದಕ್ಕೆ ಒಂದು ಹೆಚ್ಚುವರಿ ಸಾಕು. ಯಾವ ಸಾಧನಕ್ಕೂ ಹೊಂದದ ಅಡಾಪ್ಟರ್ 'ಯಾವುದಕ್ಕಾದರೂ ಆದೀತು' ಅಂತ ಇಡಬೇಡಿ. ದುಂಡು ಪಿನ್ನಿನ ಅಡಾಪ್ಟರಿಗೆ ವೋಲ್ಟೇಜ್ ಸರಿಸಮ ಇರಬೇಕು, ಆಂಪಿಯರ್ ಸಮ ಅಥವಾ ಹೆಚ್ಚಿರಬೇಕು, ಪಿನ್ನಿನ ಒಳಗೆ ಹೊರಗಿನ ಧನ ಋಣ ಹೊಂದಬೇಕು. ಪಿನ್ ಕೂತ ಮಾತ್ರಕ್ಕೆ ಹಚ್ಚಿದರೆ ಸಾಧನ ಸುಡುತ್ತದೆ. ತಾಮ್ರದ ಆಸೆಗೆ ವೈರು ಸುಡುವವರಿದ್ದಾರೆ, ಪಿವಿಸಿ ಉರಿದರೆ ಹೈಡ್ರೋಜನ್ ಕ್ಲೋರೈಡ್ ಮತ್ತು ಡಯಾಕ್ಸಿನ್ ಹೊಗೆ. ಹಳೇ ದಪ್ಪ ಟಿವಿಯನ್ನು ಬಿಚ್ಚಬೇಡಿ, ಚಿತ್ರನಳಿಗೆಯ ಗಾಜಿನಲ್ಲಿ ಸೀಸ ಇದೆ, ಒಳಗೆ ನಿರ್ವಾತ.

ಮದ್ದಿನಪೆಟ್ಟಿಗೆ

ಔಷಧದ ಬಗ್ಗೆ. ಮಾತ್ರೆ, ಸಿರಪ್ಪನ್ನು ಶೌಚಾಲಯಕ್ಕೆ ಸುರಿಯಬೇಡಿ. ವಾಪಸ್ ತೆಗೆದುಕೊಳ್ಳುವ ಔಷಧಾಲಯ ಇದ್ದರೆ ಅಲ್ಲಿಗೆ. ಇಲ್ಲದಿದ್ದರೆ ಮಾತ್ರೆ ಬಿಡಿಸಿ, ಬಳಸಿದ ಕಾಫಿಪುಡಿ ಅಥವಾ ಮಣ್ಣಿನ ಜೊತೆ ಕಲಸಿ, ಮುಚ್ಚಿದ ಚೀಲದಲ್ಲಿ ಕಸಕ್ಕೆ. ಕವರಿನ ಮೇಲಿನ ಹೆಸರು ಹರಿದು ಹಾಕಿ. ಕಣ್ಣಿನ ಹನಿ ಬಹುತೇಕ ತೆರೆದ ನಾಲ್ಕು ವಾರಕ್ಕೆ ಮುಗಿಯಿತು, ಬಾಟಲಿ ಮೇಲಿನ ದಿನಾಂಕ ತೆರೆಯದ ಬಾಟಲಿಗೆ. ಉಳಿದ ಆ್ಯಂಟಿಬಯಾಟಿಕ್ ಇನ್ನೊಬ್ಬರಿಗೆ ದಾನ ಮಾಡುವ ವಸ್ತುವಲ್ಲ. ಸೂಜಿಗಳು ಗಟ್ಟಿ ಪ್ಲಾಸ್ಟಿಕ್ ಡಬ್ಬದಲ್ಲಿ, ಮುಚ್ಚಳಕ್ಕೆ ಟೇಪ್ ಹಾಕಿ.

ಸ್ನಾನದಮನೆಯ ಹಳೇ ಬಾಟಲಿಗಳನ್ನು ಖಾಲಿ ಮಾಡುವಾಗಲೇ ಅಪಘಾತ ಆಗುವುದು. ಬ್ಲೀಚಿಗೆ ಆಮ್ಲದ ಟಾಯ್ಲೆಟ್ ಕ್ಲೀನರ್ ಸೇರಿದರೆ ಕ್ಲೋರಿನ್ ಅನಿಲ, ಅಮೋನಿಯಾ ಸೇರಿದರೆ ಕ್ಲೋರಮೈನ್. ಅರ್ಧರ್ಧ ಉಳಿದದ್ದನ್ನು ಒಂದೇ ಬಕೆಟ್ಟಿಗೆ ಸುರಿಯಬೇಡಿ. ಬಳಸಿ ಮುಗಿಸುವುದೇ ಒಳ್ಳೆಯದು. ನೀರಿನಲ್ಲಿ ಕರಗುವ ಪೇಂಟ್ ಸ್ವಲ್ಪ ಉಳಿದಿದ್ದರೆ ಮುಚ್ಚಳ ತೆಗೆದು ಒಣಗಿಸಿ ಗಟ್ಟಿಯಾದ ಮೇಲೆ ಕಸಕ್ಕೆ ಹಾಕಬಹುದು. ಎಣ್ಣೆ ಪೇಂಟ್, ಥಿನ್ನರ್, ಕೀಟನಾಶಕ ಅಪಾಯಕಾರಿ ತ್ಯಾಜ್ಯದವರಿಗೇ ಹೋಗಬೇಕು.

ಪಾದರಸದ ಥರ್ಮಾಮೀಟರ್ ಅಥವಾ ಸಿಎಫ್ಎಲ್ ಬಲ್ಬ್ ಒಡೆದರೆ ಪೊರಕೆಯೂ ಬೇಡ, ವ್ಯಾಕ್ಯೂಮ್ ಕ್ಲೀನರೂ ಬೇಡ, ಎರಡೂ ಪಾದರಸವನ್ನು ಹರಡುತ್ತವೆ. ಎಲ್ಲರೂ ಹೊರಗೆ ಬಂದು ಕಿಟಕಿ ತೆರೆದು 10ರಿಂದ 15 ನಿಮಿಷ ಬಿಡಿ. ಆಮೇಲೆ ಗಟ್ಟಿ ರಟ್ಟಿನ ತುಂಡಿನಿಂದ ಒಟ್ಟುಮಾಡಿ, ಚೂರುಗಳನ್ನು ಅಂಟು ಟೇಪಿನಿಂದ ಎತ್ತಿ, ಮುಚ್ಚಳದ ಗಾಜಿನ ಬಾಟಲಿಗೆ ಹಾಕಿ.

ಬೀದಿದೀಪ

ಇಷ್ಟೆಲ್ಲ ಕೊಟ್ಟುಬಿಡುವ ಮಾತೇ ಆಯಿತು. ಒಳ್ಳೆಯ ಸ್ಥಿತಿಯ ವಸ್ತುಗಳನ್ನು ಮಾರಿದರೆ ತಪ್ಪೇನು? ಹಾಕಿದ ದುಡ್ಡಾದರೂ ಸ್ವಲ್ಪ ಬರುತ್ತದೆ.

ಅಟ್ಟದಬೆಕ್ಕು

ತಪ್ಪಿಲ್ಲ, ಆದರೆ ಎಲ್ಲಕ್ಕಿಂತ ಹೆಚ್ಚು ಕಾಲ ಮನೆಯಲ್ಲಿ ಕೂರುವುದು 'ಮಾರುವ' ರಾಶಿಯೇ. ಕಾರಣ ಬೆಲೆ. 1990ರಲ್ಲಿ ಕಾನೆಮನ್, ನೆಚ್, ಥೇಲರ್ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ ಕಾಫಿ ಮಗ್ ಕೈಗೆ ಸಿಕ್ಕವರು ಅದನ್ನು ಬಿಡಲು ಕೇಳಿದ ಬೆಲೆ, ಕೊಳ್ಳುವವರು ಕೊಡಲು ಒಪ್ಪಿದ ಬೆಲೆಯ ಸುಮಾರು ಎರಡರಷ್ಟಿತ್ತು. ಮಗ್ ಅವರ ಕೈಸೇರಿ ಹೆಚ್ಚು ಹೊತ್ತೇನೂ ಆಗಿರಲಿಲ್ಲ. ಹತ್ತು ವರ್ಷ ಮನೆಯಲ್ಲಿದ್ದ ಮೇಜಿಗೆ ನಾವು ಕಟ್ಟುವ ಬೆಲೆ ಎಷ್ಟಿರಬಹುದು ಯೋಚಿಸಿ. ಹಾಕಿದ ದುಡ್ಡಂತೂ ಕೊಂಡ ದಿನವೇ ಹೋಯಿತು, ವಸ್ತುವನ್ನು ಇಟ್ಟುಕೊಂಡರೆ ಅದು ವಾಪಸ್ ಬರುವುದಿಲ್ಲ.

ಮಾರುವುದಾದರೆ ಒಂದು ಸಲಕ್ಕೆ ಐದೇ ವಸ್ತು. ಹಗಲು ಬೆಳಕಿನಲ್ಲಿ ನಾಲ್ಕು ಫೋಟೋ: ಪೂರ್ತಿ, ಪಕ್ಕದಿಂದ, ಮಾದರಿ ಸಂಖ್ಯೆ, ಇರುವ ದೋಷ. ಉದ್ದ ಅಗಲ ಎತ್ತರ ಬರೆಯಿರಿ. ಮರದ ಸಾಮಾನಿಗೆ ವಿಚಾರಣೆ ಬಂದು ನಿಂತುಹೋಗುವುದು ಅಳತೆ ಇಲ್ಲದ್ದಕ್ಕೇ. ಅದೇ ವಸ್ತು ನಿಜವಾಗಿ ಮಾರಾಟವಾದ ಬೆಲೆ ನೋಡಿ, ಜನ ಕೇಳುತ್ತಿರುವ ಬೆಲೆ ಅಲ್ಲ. ಒಂದು ವಾರಕ್ಕೆ ಹೋಗದಿದ್ದರೆ ಕಾಲುಭಾಗ ಇಳಿಸಿ, ಎರಡನೇ ವಾರ ಮುಗಿದರೆ ಕೊಟ್ಟುಬಿಡಿ.

ತಂತಿಕಂಬ

ಇದನ್ನು ಪೂರ್ತಿ ಒಪ್ಪಲಾರೆ. ಕ್ಯಾಮೆರಾ ಲೆನ್ಸ್, ಸಂಗೀತ ವಾದ್ಯ, ಒಳ್ಳೆಯ ಕೈ ಉಪಕರಣಗಳಿಗೆ ಸರಿಯಾದ ಗಿರಾಕಿ ಬರಲು ಎರಡು ತಿಂಗಳಾದರೂ ಬೇಕು. ಎರಡು ವಾರದ ಗಡುವು ಮೇಜು, ಕಪಾಟು, ಆಟಿಕೆಗೆ ಸರಿ.

ಅಟ್ಟದಬೆಕ್ಕು

ಆಗಲಿ, ಅಂಥವಕ್ಕೆ ಎರಡು ತಿಂಗಳು. ಮರದ ಸಾಮಾನಿನ ಅಡಿಭಾಗದಲ್ಲಿ 1–2 ಮಿಲಿಮೀಟರ್ ತೂತು ಮತ್ತು ಕೆಳಗೆ ಹಿಟ್ಟಿನಂಥ ಪುಡಿ ಇದ್ದರೆ ಮಾರಲೂ ಬೇಡಿ, ಕೊಡಲೂ ಬೇಡಿ. ಅದು ಕೊರಕ ಹುಳು, ಇನ್ನೊಬ್ಬರ ಮನೆಯ ಮರಕ್ಕೂ ಹೋಗುತ್ತದೆ. ಕೊಡಬಾರದ ಇನ್ನೂ ಕೆಲವು: ಒಮ್ಮೆ ಏಟು ತಿಂದ ಹೆಲ್ಮೆಟ್ (ಒಳಗಿನ ಫೋಮ್ ಒಂದೇ ಸಲಕ್ಕೆ ಕುಸಿಯುವಂಥದ್ದು), ಅವಧಿ ಮುಗಿದ ಮಗುವಿನ ಕಾರ್ ಸೀಟು, ವೈರು ಸೀಳಿದ ಇಸ್ತ್ರಿಪೆಟ್ಟಿಗೆ, ಬೂಷ್ಟು ವಾಸನೆಯ ಪುಸ್ತಕ, ತುಂಡು ಕಳೆದ ಜಿಗ್ಸಾ. ಕಸ ವಿಂಗಡಿಸುವ ಕೆಲಸವನ್ನು ಇನ್ನೊಬ್ಬರ ತಲೆಗೆ ಕಟ್ಟುವುದು ದಾನ ಹೇಗಾದೀತು?

ಓಲೆಗರಿ

ಫೋಟೋ ವಿಷಯ ಯಾರೂ ಎತ್ತಲಿಲ್ಲ. ಪುಟಕ್ಕೇ ಅಂಟು ಇರುವ, ಮೇಲೆ ಪಾರದರ್ಶಕ ಹಾಳೆಯ ಹಳೇ ಆಲ್ಬಂಗಳಿದ್ದರೆ ಫೋಟೋಗಳ ಸರದಿ ಬಂದಾಗ ಅವೇ ಮೊದಲು. ಆ ಅಂಟು ಹಳದಿಯಾಗಿ ಫೋಟೋಗೆ ಇಳಿಯುತ್ತದೆ. ಕೈಯಿಂದ ಕೀಳಬೇಡಿ. ವಾಸನೆ, ಮೇಣ ಇಲ್ಲದ ಹಲ್ಲಿನ ದಾರವನ್ನು ಫೋಟೋದ ಒಂದು ಮೂಲೆಯ ಕೆಳಗೆ ತೂರಿಸಿ ಗರಗಸದಂತೆ ಮೆಲ್ಲಗೆ ಆಡಿಸಿ. ಬಿಡದಿದ್ದರೆ ಪುಟದ ಸಮೇತ ಸ್ಕ್ಯಾನ್ ಮಾಡಿ. ಮುದ್ರಿತ ಫೋಟೋಗೆ 600 ಡಿಪಿಐ, ನೆಗೆಟಿವ್‌ಗೆ 2400ಕ್ಕೆ ಕಡಿಮೆ ಬೇಡ. ಜಾಗದ ಕೊರತೆ ಇದ್ದು ಒಂದನ್ನೇ ಉಳಿಸುವುದಾದರೆ ನೆಗೆಟಿವ್ ಉಳಿಸಿ. ವಿನೆಗರ್ ವಾಸನೆ ಬರುವ ಫಿಲ್ಮನ್ನು ಉಳಿದವುಗಳಿಂದ ಬೇರೆ ಇಡಿ, ಅದರ ಆಮ್ಲದ ಆವಿ ಪಕ್ಕದ ಫಿಲ್ಮನ್ನೂ ಕೆಡಿಸುತ್ತದೆ. ವಿಎಚ್ಎಸ್ (ಹಳೇ ವಿಡಿಯೋ ಕ್ಯಾಸೆಟ್) ಟೇಪುಗಳನ್ನು ಮುಂದಕ್ಕೆ ಹಾಕಬೇಡಿ, ಟೇಪೂ ಹಾಳಾಗುತ್ತಿದೆ, ಓಡಿಸುವ ಯಂತ್ರವೂ ಸಿಗದಾಗುತ್ತಿದೆ.

ನೆನಪಿನ ದೊಡ್ಡ ವಸ್ತುಗಳಿಗೆ ಫೋಟೋ ತೆಗೆದು ಕೊಡುವ ಉಪಾಯ ಬರೀ ಸಮಾಧಾನದ ಮಾತಲ್ಲ. 2017ರಲ್ಲಿ ಜರ್ನಲ್ ಆಫ್ ಮಾರ್ಕೆಟಿಂಗ್‌ನಲ್ಲಿ ಬಂದ ಅಧ್ಯಯನದಲ್ಲಿ, ವಸ್ತುವಿನ ಫೋಟೋ ತೆಗೆದಿಟ್ಟುಕೊಳ್ಳಿ ಅಂತ ಸೂಚಿಸಿದಾಗ ಜನ ಹೆಚ್ಚು ವಸ್ತು ಕೊಟ್ಟರು. ಫೋಟೋ ಜೊತೆ ಎರಡು ಸಾಲು ಬರೆದಿಡಿ, ಯಾರದ್ದು, ಎಲ್ಲಿಂದ ಬಂತು ಅಂತ. ಬರಹವಿಲ್ಲದ ಫೋಟೋ ಮುಂದಿನವರಿಗೆ ಇನ್ನೊಂದು ಗುರುತು ಸಿಗದ ವಸ್ತು.

ಮೂಲೆಮನೆ

ಮನೆಯ ಹಿರಿಯರು ಏನನ್ನೂ ಬಿಡಲು ಒಪ್ಪದಿದ್ದರೆ? ಅವರಿಲ್ಲದ ಹೊತ್ತಿನಲ್ಲಿ ತೆಗೆದುಬಿಡಿ ಅಂತ ಹಲವರ ಸಲಹೆ.

ಮದ್ದಿನಪೆಟ್ಟಿಗೆ

ಮಾಡಬೇಡಿ. ಒಂದು ವಸ್ತು ಕಾಣೆಯಾದದ್ದು ಗೊತ್ತಾದರೆ ಉಳಿದ ಒಂಬತ್ತನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ನಿಮ್ಮ ಸ್ವಂತದ್ದು ಮತ್ತು ಎಲ್ಲರೂ ಬಳಸುವ ಜಾಗ ಮೊದಲು ಮುಗಿಸಿ. ಅವರ ಜೊತೆ ಕೂತಾಗ 'ಇದು ಬೇಡ ಅಲ್ವಾ' ಅಂತ ಕೇಳಬೇಡಿ, 'ಇದು ಯಾರಿಗೆ ಹೋದರೆ ಚೆನ್ನ?' ಅಂತ ಕೇಳಿ. ನಡೆದಾಡುವ ದಾರಿ, ಒಲೆಯ ಸುತ್ತ, ಮೆಟ್ಟಿಲು ಇವು ಮಾತ್ರ ಚೌಕಾಸಿಗೆ ಇಲ್ಲ, ಬೆಂಕಿ ಬಿದ್ದಾಗ ಅಥವಾ ಜಾರಿದಾಗ ಅಲ್ಲೇ ಅನಾಹುತ.

ಮಂಚ, ಒಲೆ, ಸ್ನಾನದಮನೆಯನ್ನೇ ಬಳಸಲಾಗದಷ್ಟು ತುಂಬಿದ್ದು, ಒಂದು ಹಾಳೆ ಬಿಡಲೂ ತೀವ್ರ ಸಂಕಟವಾಗುತ್ತಿದ್ದರೆ ಅದು ಸೋಮಾರಿತನವಲ್ಲ. ಅಮೆರಿಕದ ಮನೋವೈದ್ಯರ ಸಂಘದ 2013ರ ರೋಗನಿರ್ಣಯ ಕೈಪಿಡಿ ಡಿಎಸ್ಎಂ-5 ಇದನ್ನು ಪ್ರತ್ಯೇಕ ಕಾಯಿಲೆ ಅಂತ ಗುರುತಿಸಿದೆ, ಮನೋವೈದ್ಯರ ಚಿಕಿತ್ಸೆ ಇದೆ. ಬಲವಂತವಾಗಿ ಮನೆ ಖಾಲಿ ಮಾಡಿಸಿದರೆ ಸಂಕಟ ಹೆಚ್ಚುತ್ತದೆ, ಸಾಮಾನೂ ಮತ್ತೆ ತುಂಬಿಕೊಳ್ಳುತ್ತದೆ.

ಕಿಟಕಿಪಕ್ಕ

ಕೊನೆಯದೊಂದು: ಟಿವಿ, ಫ್ರಿಜ್, ಮಿಕ್ಸಿ ಬಂದ ಖಾಲಿ ಡಬ್ಬಗಳು. ವಾರಂಟಿಗೆ ಬೇಕು ಅಂತ ಅಟ್ಟದ ಅರ್ಧ ಅವೇ.

ತಂತಿಕಂಬ

ವಾರಂಟಿಗೆ ಸಾಮಾನ್ಯವಾಗಿ ಬೇಕಾಗುವುದು ರಸೀದಿ ಮತ್ತು ಸೀರಿಯಲ್ ಸಂಖ್ಯೆ. ವಾಪಸ್ ಕೊಡುವ ಗಡುವು ಮುಗಿಯುವವರೆಗೆ ಡಬ್ಬ ಇಡಿ, ಆಮೇಲೆ ಸಂಖ್ಯೆಯ ಚೀಟಿ ಕತ್ತರಿಸಿ ರಸೀದಿಗೆ ಪಿನ್ ಮಾಡಿ. ಥರ್ಮೋಕೋಲ್ ಬೇರೆ ಮಾಡಿ, ಪಿನ್ನು, ಟೇಪ್ ಕಿತ್ತು, ರಟ್ಟನ್ನು ಚಪ್ಪಟೆ ಮಾಡಿ ರದ್ದಿಗೆ ಹಾಕಿ. ಮಳೆಯಲ್ಲಿ ನೆನೆದರೆ ತೆಗೆದುಕೊಳ್ಳುವುದಿಲ್ಲ. ಸದ್ಯದಲ್ಲೇ ಮನೆ ಬದಲಿಸುವುದಿದ್ದರೆ ಟಿವಿಯ ಡಬ್ಬ ಒಂದನ್ನು ಉಳಿಸಿಕೊಳ್ಳಿ, ಪರದೆಗೆ ಸರಿಯಾದ ಅಳತೆಯದು ಬೇರೆ ಸಿಗುವುದು ಕಷ್ಟ.